ಲಾರಿಯ ಕಾಗದಪತ್ರ: ಲೋಡ್ ಹೊರಡುವ ಮುನ್ನ ಏನೇನು ತಾಳೆ ನೋಡಬೇಕು

ದಾರಿಯಲ್ಲಿ ಲಾರಿ ನಿಲ್ಲಿಸುವವರು ಒಬ್ಬರಲ್ಲ. ಆರ್‌ಟಿಓದವರು, ಪೊಲೀಸರು ನೋಡುವುದು ಲಾರಿಯನ್ನು ಮತ್ತು ಚಾಲಕನನ್ನು. ವಾಣಿಜ್ಯ ತೆರಿಗೆ ಇಲಾಖೆಯ ಜಾರಿ ವಿಭಾಗದವರು ನೋಡುವುದು ಒಳಗಿರುವ ಸರಕನ್ನು. ಹಾಗಾಗಿ ಫೈಲೂ ಎರಡಿರಲಿ. ಲಾರಿಯ ಫೈಲ್ ಕ್ಯಾಬಿನ್ನಿನಲ್ಲೇ ಇರುತ್ತದೆ. ಲೋಡಿನ ಫೈಲನ್ನು ಪ್ರತಿ ಟ್ರಿಪ್ ಮುಗಿದ ಮೇಲೆ ಖಾಲಿ ಮಾಡಬೇಕು. ಹೋದ ವಾರದ ಬಿಲ್ ಅದರೊಳಗೆ ಉಳಿದಿದ್ದರೆ ಇಲ್ಲದ ಪ್ರಶ್ನೆಗಳು ಹುಟ್ಟಿಕೊಳ್ಳುತ್ತವೆ.

ಕಾಗದವೇ ಇಲ್ಲದೆ ಸಿಕ್ಕಿಬೀಳುವವರು ಕಡಿಮೆ. ಇದ್ದ ಕಾಗದಗಳು ಒಂದಕ್ಕೊಂದು ತಾಳೆಯಾಗದೆ ಸಿಕ್ಕಿಬೀಳುವವರೇ ಜಾಸ್ತಿ.

ಲಾರಿಯ ಫೈಲ್

ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ (ಲಾರಿ ಓಡಲು ಯೋಗ್ಯ ಎನ್ನುವ ಫಿಟ್‌ನೆಸ್ ಪತ್ರ), ಪರ್ಮಿಟ್, ತೆರಿಗೆ ಕಟ್ಟಿದ ರಸೀದಿ, ಹೊಗೆ ತಪಾಸಣೆ ಪತ್ರ, ಚಾಲಕನ ಡಿಎಲ್. ಇವುಗಳ ಮುಗಿಯುವ ದಿನಾಂಕಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಅಂಟಿಸಿ, ಏಕೆಂದರೆ ಎಲ್ಲದರ ಅವಧಿಯೂ ಬೇರೆ ಬೇರೆ. ಎಫ್‌ಸಿ ಎಂಟು ವರ್ಷದೊಳಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹೊಗೆ ಪತ್ರ ಬಿಎಸ್-4, ಬಿಎಸ್-6 ಹೊಗೆ ಮಾನದಂಡದ ಗಾಡಿಗಳಿಗೆ ಒಂದು ವರ್ಷ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳು. ಸಾರಿಗೆ ವಾಹನದ ಡಿಎಲ್ ಐದು ವರ್ಷಕ್ಕೊಮ್ಮೆ ನವೀಕರಣ. ನ್ಯಾಷನಲ್ ಪರ್ಮಿಟ್‌ನ ಅಧಿಕಾರ ಪತ್ರ ವರ್ಷಕ್ಕೊಮ್ಮೆ. ಪರ್ಮಿಟ್ ಇದೆಯಲ್ಲ ಎಂದುಕೊಂಡು ಇದನ್ನು ಮರೆಯುವವರಿದ್ದಾರೆ.

ಸೆಕೆಂಡ್ ಹ್ಯಾಂಡ್ ಲಾರಿ ಕೊಂಡಿದ್ದರೆ ಇನ್ಶೂರೆನ್ಸಿನಲ್ಲಿ ಯಾರ ಹೆಸರಿದೆ ನೋಡಿ. ಹೆಸರು ಬದಲಿಸಲು ಹದಿನಾಲ್ಕು ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಇನ್ಶೂರೆನ್ಸಿನ ಚಾಸಿ ನಂಬರ್ ಆರ್‌ಸಿಯಲ್ಲಿ ಇರುವಂತೆಯೇ ಇದೆಯೇ ಎಂದು ಅಕ್ಷರ ಅಕ್ಷರವಾಗಿ ಓದಿ.

ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದ ದಾಖಲೆಗೆ ಅಸಲಿನ ಮಾನ್ಯತೆಯೇ ಇದೆ. ವಾಟ್ಸಾಪಿನಲ್ಲಿ ಮಾಲೀಕರು ಕಳಿಸಿದ ಫೋಟೊಗೆ ಅದಿಲ್ಲ. ಆ್ಯಪ್ ಚಾಲಕನ ಫೋನಿನಲ್ಲೇ ಇರಬೇಕು, ಜೊತೆಗೆ ಜೆರಾಕ್ಸ್ ಒಂದು ಸೆಟ್ ಫೈಲಿನಲ್ಲಿರಲಿ. ಘಾಟಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ನ್ಯಾಷನಲ್ ಪರ್ಮಿಟ್ ಇದ್ದರೂ ಬೇರೆ ರಾಜ್ಯದ ಒಳಗಿನ ಎರಡು ಊರುಗಳ ನಡುವೆ ಲೋಡ್ ಹೊಡೆಯುವಂತಿಲ್ಲ. ಕರ್ನಾಟಕದ ಲಾರಿ ಪುಣೆಯಲ್ಲಿ ತುಂಬಿ ನಾಗಪುರದಲ್ಲಿ ಇಳಿಸಿದರೆ ಪರ್ಮಿಟ್ ಉಲ್ಲಂಘನೆ. ವಾಪಸ್ ಬರುವಾಗ ಖಾಲಿ ಬರಬಾರದು ಅನ್ನುವ ಆತುರದಲ್ಲಿ ಆಗುವ ತಪ್ಪು ಇದು.

ಲೋಡಿನ ಫೈಲ್

ಇನ್‌ವಾಯ್ಸ್, ಎಲ್‌ಆರ್ (ಟ್ರಾನ್ಸ್‌ಪೋರ್ಟ್‌ನವರು ಕೊಡುವ ಲಾರಿ ರಸೀದಿ), ಇ-ವೇ ಬಿಲ್ (ಸರಕು ಸಾಗಣೆಗೆ ಜಿಎಸ್‌ಟಿ ಪೋರ್ಟಲಿನಲ್ಲಿ ಮಾಡುವ ಪತ್ರ), ತೂಕದ ಚೀಟಿ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬೇಕು. ತಾಜಾ ತರಕಾರಿ, ತೆಂಗಿನಕಾಯಿಯಂಥವಕ್ಕೆ ಬೇಡ, ಆದರೆ ಒಣ ಅಡಿಕೆಗೆ ತೆರಿಗೆ ಇದೆ, ಇ-ವೇ ಬಿಲ್ಲೂ ಬೇಕು. ಮರಳು, ಜಲ್ಲಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್, ಮರದ ದಿಮ್ಮಿಗೆ ಅರಣ್ಯ ಇಲಾಖೆಯ ಪಾಸ್ ಪ್ರತ್ಯೇಕ.

ಗೇಟು ದಾಟುವ ಮೊದಲು ಇವನ್ನು ಕೈಯಲ್ಲಿ ಹಿಡಿದು ನೋಡಿ:

1. ಇ-ವೇ ಬಿಲ್‌ನ ಭಾಗ ಬಿ (ಲಾರಿಯ ವಿವರ ಇರುವ ಭಾಗ) ತುಂಬಿದೆಯೇ? ಅಲ್ಲಿರುವ ಲಾರಿ ನಂಬರ್ ಎದುರಿಗಿರುವ ನಂಬರ್ ಪ್ಲೇಟಿನದೇ?
2. ಇನ್‌ವಾಯ್ಸ್ ನಂಬರ್, ದಿನಾಂಕ, ಜಿಎಸ್‌ಟಿ ನಂಬರ್, ಮೊತ್ತ ಇನ್‌ವಾಯ್ಸ್, ಇ-ವೇ ಬಿಲ್ ಎರಡೂ ಕಡೆ ಒಂದೇ ಇವೆಯೇ?
3. ಎಲ್‌ಆರ್‌ನ ಡಾಗು (ಕಟ್ಟು) ಅಥವಾ ಚೀಲದ ಲೆಕ್ಕ ನಿಜವಾಗಿ ತುಂಬಿದಷ್ಟೇ ಇದೆಯೇ?

ಇನ್‌ವಾಯ್ಸ್ ವಿವರದಲ್ಲಿ ತಪ್ಪು ಕಂಡರೆ ಇ-ವೇ ಬಿಲ್ ತಿದ್ದಲು ಆಗುವುದಿಲ್ಲ. ಮಾಡಿದವರೇ 24 ಗಂಟೆಯೊಳಗೆ ರದ್ದು ಮಾಡಿ ಹೊಸದು ಮಾಡಬೇಕು. ದಾರಿಯಲ್ಲಿ ಅಧಿಕಾರಿ ಒಮ್ಮೆ ಪರಿಶೀಲಿಸಿದ ಬಿಲ್ಲನ್ನು ರದ್ದು ಮಾಡಲೂ ಬರುವುದಿಲ್ಲ. ಇನ್‌ವಾಯ್ಸ್ ಅಥವಾ ಲಾರಿ ನಂಬರಿನ ಒಂದೆರಡು ಅಂಕಿ ತಪ್ಪಿದರೆ, ಪಿನ್‌ಕೋಡ್ ತಪ್ಪಿದರೆ ಅದು ಸಣ್ಣ ತಪ್ಪು. 2018ರ ಸುತ್ತೋಲೆಯ ಪ್ರಕಾರ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿಗೆ (ರಾಜ್ಯದ ಪಾಲು) ತಲಾ 500 ರೂಪಾಯಿ ದಂಡಕ್ಕೆ ಮುಗಿಯಬೇಕು. ಬಿಲ್ಲೇ ಇಲ್ಲದಿದ್ದರೆ ಹಾಗಲ್ಲ. ತೆರಿಗೆ ಇರುವ ಸರಕಾದರೆ, ಸರಕಿನ ಮಾಲೀಕರು ಮುಂದೆ ಬಂದರೂ ತೆರಿಗೆಯ ಎರಡು ಪಟ್ಟು ದಂಡ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದ್ದು ಇ-ವೇ ಬಿಲ್‌ನ ಅವಧಿಗೆ. ಪ್ರತಿ 200 ಕಿ.ಮೀ.ಗೆ ಅಥವಾ ಅದರ ಭಾಗಕ್ಕೆ ಒಂದು ದಿನ. ಅಳತೆ ಮೀರಿದ ದೊಡ್ಡ ಸರಕಿಗೆ 20 ಕಿ.ಮೀ.ಗೇ ಒಂದು ದಿನ. ಭಾಗ ಬಿ ಮೊದಲ ಸಲ ತುಂಬಿದಾಗಿನಿಂದ ಲೆಕ್ಕ ಶುರು, ಮೊದಲ ದಿನ ಮುಗಿಯುವುದು ಮರುದಿನ ಮಧ್ಯರಾತ್ರಿಗೆ. 410 ಕಿ.ಮೀ. ದಾರಿಗೆ ಸೋಮವಾರ ತುಂಬಿದ್ದರೆ ಮೂರು ದಿನ, ಅಂದರೆ ಗುರುವಾರ ಮಧ್ಯರಾತ್ರಿವರೆಗೆ. ಗೋದಾಮಿನಲ್ಲಿ ಲಾರಿ ಎರಡು ದಿನ ಕಾದು ನಿಂತರೆ ಈ ಲೆಕ್ಕದಲ್ಲೇ ಕಳೆಯುತ್ತದೆ. ಅದಕ್ಕೆ ಲೋಡ್ ಕಟ್ಟಿ ತಾಡಪಾಲು ಬಿಗಿದ ಮೇಲೆ ಭಾಗ ಬಿ ತುಂಬಿಸುವುದು ಜಾಣತನ.

ದಾರಿಯಲ್ಲಿ ಕೆಟ್ಟು ನಿಂತರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯವರೆಗೆ ಮಾತ್ರ ವಿಸ್ತರಣೆಗೆ ಅವಕಾಶ. ಸರಕನ್ನು ಬೇರೆ ಲಾರಿಗೆ ಬದಲಿಸಿದರೆ, ಅದು ಹೊರಡುವ ಮೊದಲು ಭಾಗ ಬಿಯಲ್ಲಿ ಹೊಸ ನಂಬರ್ ಬೀಳಬೇಕು. ಪಾರ್ಸೆಲ್ ಲಾರಿಯವರು ಹತ್ತಾರು ಬಿಲ್ ಸೇರಿಸಿ ಮಾಡುವ ಕ್ರೋಡೀಕೃತ ಬಿಲ್‌ಗೆ ತನ್ನದೇ ಅವಧಿ ಇಲ್ಲ. ಒಳಗಿನ ಒಂದು ಬಿಲ್ಲಿನ ಅವಧಿ ಮುಗಿದರೂ ಆ ಸರಕಿನ ಮಟ್ಟಿಗೆ ಅದು ಮುಗಿದ ಬಿಲ್ಲೇ.

ತೂಕದ ಚೀಟಿಯನ್ನು ಆರ್‌ಸಿಯಲ್ಲಿರುವ ಒಟ್ಟು ತೂಕಕ್ಕೆ ಹಿಡಿದು ನೋಡಿ. ಓವರ್‌ಲೋಡಿಗೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000. ಜೊತೆಗೆ ಹೆಚ್ಚಿನ ಮಾಲು ಇಳಿಸದೆ ಮುಂದೆ ಬಿಡುವುದಿಲ್ಲ, ಇಳಿಸಿದ ಮಾಲನ್ನು ಕಾಯುವ ಖರ್ಚೂ ನಿಮ್ಮದೇ.

ನಿಲ್ಲಿಸಿದಾಗ

ಕೇಳಿದ ಫೈಲನ್ನಷ್ಟೇ ಕೊಡಿ. ತೆರಿಗೆ ಅಧಿಕಾರಿ ಚಾಲಕನ ಹೇಳಿಕೆ ಬರೆದುಕೊಂಡರೆ (ನಮೂನೆ ಎಂಒವಿ-01) ಓದಿಸಿಕೊಳ್ಳದೆ ಸಹಿ ಹಾಕಬಾರದು. ಎಲ್ಲಿ ತುಂಬಿದ್ದು, ಯಾರಿಗೆ ಅನ್ನುವುದು ಎಲ್‌ಆರ್‌ನಲ್ಲಿ ಇದ್ದಂತೆಯೇ ಹೇಳಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಟ್ರಾನ್ಸ್‌ಪೋರ್ಟ್‌ನವರು ಇ-ವೇ ಬಿಲ್ ಪೋರ್ಟಲಿನಲ್ಲಿ ಇಡಬ್ಲ್ಯುಬಿ-04 ನಮೂನೆ ಹಾಕಿ ಅದನ್ನು ತಿಳಿಸಬಹುದು. ಸರಕು ಇಳಿಸಿ ಪರಿಶೀಲಿಸಿದ್ದರೆ ಇಡಬ್ಲ್ಯುಬಿ-03 (ಪರಿಶೀಲನಾ) ವರದಿಯ ಪ್ರತಿ ಕೇಳಿ ಲೋಡಿನ ಫೈಲಿಗೆ ಸೇರಿಸಿ. ಖಚಿತ ಮಾಹಿತಿ ಇದ್ದರೆ ಹೊರತು ಅದೇ ರಾಜ್ಯದಲ್ಲಿ ಮತ್ತೆ ಸರಕು ಬಿಚ್ಚಿಸುವಂತಿಲ್ಲ. ಮುಂದಿನ ತಂಡ ತಡೆದಾಗ ಆ ಪ್ರತಿಯನ್ನೇ ಮೊದಲು ತೋರಿಸಿ.