ಮೂರು ಟ್ಯಾಂಕ್, ಆರು ಜಗಳಗಂಟ ಮೀನು: ಜಾಗ ಬದಲಿಸಿದ್ದು ಹೇಗೆ

ದಾವಣಗೆರೆಯ ನಮ್ಮ ಮನೆಯಲ್ಲಿರುವುದು ಮೂರು ಟ್ಯಾಂಕ್. ನಾಲ್ಕು ಅಡಿಯದು 48×18×18 ಇಂಚು, 255 ಲೀಟರ್. ಮೂರು ಅಡಿಯದು 36×15×18, ಸುಮಾರು 159 ಲೀಟರ್. ಎರಡು ಅಡಿಯದು 24×12×15, ಸುಮಾರು 71 ಲೀಟರ್. ಇದು ಅಂಚಿನವರೆಗೆ ತುಂಬಿದರೆ ಬರುವ ಲೆಕ್ಕ. ಕಲ್ಲು, ಮರಳು, ಮೇಲೆ ಬಿಡುವ ಜಾಗ ಕಳೆದರೆ ಇನ್ನೂ ಕಡಿಮೆ.

ದೊಡ್ಡದರಲ್ಲಿ ಎಂಟಿಂಚಿನ ಆಸ್ಕರ್, ಜೊತೆಗೆ ಕಾನ್ವಿಕ್ಟ್ ಜೋಡಿ. ಮೂರಡಿಯಲ್ಲಿ ಜಾಕ್ ಡೆಂಪ್ಸಿ ಮತ್ತು ಗ್ರೀನ್ ಟೆರರ್, ಎರಡೂ ಐದಿಂಚು. ಎರಡಡಿಯಲ್ಲಿ ಬೆಳೆದುಬಿಟ್ಟ ಫ್ಲವರ್‌ಹಾರ್ನ್. ಕಾನ್ವಿಕ್ಟ್ ಗಂಡು ನಾಲ್ಕಿಂಚು, ಹೆಣ್ಣು ಅದಕ್ಕಿಂತ ಚಿಕ್ಕದು. ಆದರೂ ಮಡಕೆಯೊಳಗೆ ಮೊಟ್ಟೆ ಇಟ್ಟ ಮೇಲೆ ಆಸ್ಕರ್‌ನನ್ನು ಫಿಲ್ಟರ್ ಪೈಪಿನ ಹಿಂದಿನ ಮೂಲೆಗೆ ಅಟ್ಟಿ ನಿಲ್ಲಿಸಿದ್ದವು. ದೊಡ್ಡ ಟ್ಯಾಂಕಿಗೆ ಹಾಕಿದರೆ ಜಗಳ ನಿಲ್ಲುತ್ತದೆ ಎನ್ನುವುದು ಅರ್ಧ ಸತ್ಯ. ಇವೆಲ್ಲ ಸಿಕ್ಲಿಡ್ ಕುಟುಂಬದ ಮೀನುಗಳು. ಸಿಕ್ಲಿಡ್ ಕಾದಾಡುವುದು ಮುಖ್ಯವಾಗಿ ಜಾಗಕ್ಕೆ, ಆ ಜಾಗದ ಗುರುತು ಅದಕ್ಕೆ ಸಿಗುವುದು ಕಲ್ಲು ಮಡಕೆಗಳಿಂದ. ಅವು ಇದ್ದಲ್ಲೇ ಇದ್ದರೆ ಹಳಬನೇ ಯಜಮಾನ, ಹೊಸಬನಿಗೆ ಏಟು ತಪ್ಪಿದ್ದಲ್ಲ.

ಯಾರು ಎಲ್ಲಿಗೆ ಅಂತ ಮೊದಲು ಕಾಗದದ ಮೇಲೆ ಬರೆದುಕೊಂಡೆ. ಕಾನ್ವಿಕ್ಟ್ ಜೋಡಿ ಎರಡಡಿಗೆ, ಫ್ಲವರ್‌ಹಾರ್ನ್ ಒಂಟಿಯಾಗಿ ಮೂರಡಿಗೆ, ಡೆಂಪ್ಸಿ ಮತ್ತು ಟೆರರ್ ನಾಲ್ಕಡಿಗೆ. ಒಂದು ಖಾಲಿಯಾಗದೆ ಇನ್ನೊಂದು ತುಂಬುವಂತಿಲ್ಲ, ಹಾಗಾಗಿ ಮುಚ್ಚಳವಿರುವ 60 ಲೀಟರಿನ ಪ್ಲಾಸ್ಟಿಕ್ ಟಬ್ ಒಂದು ಬೇಕೇ ಬೇಕು. ಮುಚ್ಚಳ ಮರೆತರೆ ಮೀನು ಹಾರಿ ನೆಲದ ಮೇಲಿರುತ್ತದೆ.

ಹಿಂದಿನ ದಿನ ಊಟ ಕೊಡಲಿಲ್ಲ. ಹೊಟ್ಟೆ ತುಂಬಿದ ಮೀನು ಗಾಬರಿಯಲ್ಲಿ ಟಬ್ ಪೂರ್ತಿ ಗಲೀಜು ಮಾಡುತ್ತದೆ. ನೀರನ್ನೂ ಮೊದಲೇ ತಯಾರಿಟ್ಟಿದ್ದೆ: ನಲ್ಲಿ ನೀರನ್ನು ಡ್ರಮ್ಮಿಗೆ ತುಂಬಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಇಳಿಸಿ ಒಂದು ದಿನ ಕ್ಲೋರಿನ್ ಹೋಗಲು ಬಿಡುವುದು. ಅವಸರ ಇದ್ದರೆ ಪ್ಯಾಕೆಟ್ ಮೇಲಿರುವ ಅಳತೆಯಂತೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಬಹುದು. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ತಾರಸಿ ಮೇಲಿನ ಸಿಂಟೆಕ್ಸ್ ನೀರು ಕೈಗೆ ಬಿಸಿ ತಾಗುತ್ತದೆ, ಸಂಪಿನ ನೀರು ತಣ್ಣಗಿರುತ್ತದೆ. ಎರಡನ್ನೂ ನೇರವಾಗಿ ಸುರಿಯಬಾರದು. ಥರ್ಮಾಮೀಟರ್ ಹಿಡಿದು ನೋಡಿ, ಟ್ಯಾಂಕಿನ ನೀರಿಗೂ ಇದಕ್ಕೂ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರದಂತೆ ನೋಡಿಕೊಂಡೆ. ಒಂದು ಟ್ಯಾಂಕಿಗೆ ಬೋರ್ ನೀರು, ಇನ್ನೊಂದಕ್ಕೆ ನಲ್ಲಿ ನೀರು ಹಾಕುವ ಮನೆಗಳಲ್ಲಿ ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಲೇಬೇಕು. ಅಂತರ ಜಾಸ್ತಿ ಇದ್ದರೆ ಮೀನಿರುವ ಬಕೆಟ್ಟಿಗೆ ಹೊಸ ಟ್ಯಾಂಕಿನ ನೀರನ್ನು ಸಣ್ಣ ಪೈಪಿನಲ್ಲಿ ಹನಿಹನಿಯಾಗಿ ಒಂದು ಗಂಟೆ ಬಿಡಬೇಕು.

ಬೆಳಗಿನ ತಂಪಿನಲ್ಲೇ ಶುರು ಮಾಡಬೇಕು, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಮೊದಲು ಹೊರಬಂದದ್ದು ಕಾನ್ವಿಕ್ಟ್ ಜೋಡಿ. ಇವನ್ನು ಬಲೆ ಹಿಡಿದು ಅಟ್ಟಾಡಿಸುವುದು ದಂಡ. ನೀರೊಳಗೆ ಕೈ ಇಟ್ಟರೆ ಎರಡೂ ಮಡಕೆಯೊಳಗೆ ನುಗ್ಗುತ್ತವೆ. ಆಗ ಮಡಕೆಯ ಬಾಯಿಗೆ ಅಂಗೈ ಮುಚ್ಚಿ, ಮಡಕೆ ಸಮೇತ ಎತ್ತಿ ಟಬ್ಬಿಗೆ ಇಳಿಸಿದರಾಯಿತು. ಟಬ್ಬಿನಲ್ಲಿ ಅದೇ ನಾಲ್ಕಡಿ ಟ್ಯಾಂಕಿನ ನೀರು, ಅದೇ ಟ್ಯಾಂಕಿನಲ್ಲಿ ವಾರಗಟ್ಟಲೆ ಓಡಿದ ಸ್ಪಂಜ್ ಫಿಲ್ಟರ್. ಆ ಸ್ಪಂಜೇ ಮುಂದೆ ಎರಡಡಿಗೂ ಹೋಗುತ್ತದೆ. ಮೀನಿನ ಗಲೀಜಿನಿಂದ ಬರುವ ವಿಷಕಾರಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದು ನೀರಿಗಿಂತ ಸ್ಪಂಜಿನಲ್ಲಿ, ಅದಕ್ಕೇ ಮೀನು ಎಲ್ಲಿಗೋ ಸ್ಪಂಜೂ ಅಲ್ಲಿಗೆ. ನಲ್ಲಿ ನೀರಲ್ಲಿ ತೊಳೆದರೆ ಕ್ಲೋರಿನ್‌ಗೆ ಅವು ಸಾಯುತ್ತವೆ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಬೇಕು. ಬೋರ್ ನೀರಿನವರು ಇನ್ನೂ ಎಚ್ಚರವಾಗಿರಬೇಕು: ಪಿಎಚ್ 8ರ ಆಸುಪಾಸು ಇದ್ದು ಸೆಖೆಯೂ ಇದ್ದರೆ ಅಷ್ಟೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ.

ಆಮೇಲೆ ನಾಲ್ಕಡಿಯ ಒಂದು ಬದಿಗೆ ಆಸ್ಕರ್‌ನನ್ನು ಸರಿಸಿ ನಡುವೆ ಪಾರ್ಟಿಷನ್ ಇಳಿಸಿದೆ. ಅಕ್ರಿಲಿಕ್ ಹಾಳೆಗೆ 6 ಮಿ.ಮೀ. ತೂತುಗಳನ್ನು ಒತ್ತೊತ್ತಾಗಿ ಕೊರೆಸಿದ್ದು, ಇಲ್ಲದಿದ್ದರೆ ಆಚೆ ಬದಿಗೆ ನೀರು ಓಡುವುದಿಲ್ಲ. ಕೆಳಗೆ ಮರಳು ಬಗೆದು ಗಾಜಿಗೇ ತಾಗುವಂತೆ ಕೂರಿಸಬೇಕು. ಮರಳಿನ ಮೇಲೆ ನಿಲ್ಲಿಸಿದರೆ ಮೀನು ತೋಡಿಕೊಂಡು ಆಚೆ ಹೋಗುತ್ತದೆ. ಖಾಲಿ ಬದಿಯ ಕಲ್ಲುಗಳನ್ನೆಲ್ಲ ತೆಗೆದು ಹೊಸದಾಗಿ ಜೋಡಿಸಿದೆ. ಗ್ರಾನೈಟ್ ತುಂಡುಗಳ ಕೆಳಗೆ ತೆಳು ಥರ್ಮಾಕೋಲ್ ಇಟ್ಟು, ಕಲ್ಲು ಮೊದಲು, ಮರಳು ಆಮೇಲೆ. ಮಡಕೆಗಳ ಬಾಯಿ ಒಂದರ ಎದುರು ಒಂದು ಬರಬಾರದು. ಒಂದು ಗುಹೆಯಲ್ಲಿ ಕೂತ ಮೀನಿಗೆ ಇನ್ನೊಂದು ಗುಹೆ ಕಾಣಿಸದಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು.

ಮೂರಡಿಯಲ್ಲಿ ನೀರನ್ನು ಆರಿಂಚಿಗೆ ಇಳಿಸಿ, ಬಲೆಯಿಂದ ಮೆಲ್ಲಗೆ ಅಟ್ಟಿ, ಡೆಂಪ್ಸಿ, ಟೆರರ್ ಎರಡನ್ನೂ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಿಡಿದೆ. ಬೆನ್ನಿನ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಜಗ್ಗಬಾರದು, ಕತ್ತರಿಯಿಂದ ಬಲೆಯನ್ನೇ ಕತ್ತರಿಸಬೇಕು. ಲೈಟ್ ಆರಿಸಿ ನಾಲ್ಕಡಿಯ ಖಾಲಿ ಬದಿಗೆ ಡೆಂಪ್ಸಿಯನ್ನು ಮೊದಲು ಬಿಟ್ಟೆ. ಅದು ಇವುಗಳಲ್ಲಿ ಮೆತ್ತಗಿನದು, ಜಾಗ ಆರಿಸಿಕೊಳ್ಳಲು ಸಮಯ ಬೇಕು. ಟೆರರ್ ಇಳಿದದ್ದು ಸಂಜೆಗೆ, ಪಾರ್ಟಿಷನ್ ತೆಗೆದದ್ದು ಮರುದಿನ. ಜೋರಿರುವವನು ಯಾವತ್ತೂ ಕೊನೆಗೆ. ಈ ಟ್ಯಾಂಕಿಗೆ ಈ ಮೂರೇ ಗರಿಷ್ಠ, ವಾರಕ್ಕೆ ಮೂರನೇ ಒಂದು ಪಾಲು ನೀರು ಬದಲಿಸಿದರೆ ಮಾತ್ರ.

ಫ್ಲವರ್‌ಹಾರ್ನ್ ತನ್ನ ಸ್ಪಂಜಿನೊಂದಿಗೆ ಮೂರಡಿಗೆ ಹೋಯಿತು. ಪಕ್ಕದ ಟ್ಯಾಂಕ್ ಕಾಣಿಸಿದರೆ ಗಾಜಿಗೆ ಗುದ್ದಿ ಬಾಯಿ ಗಾಯ ಮಾಡಿಕೊಳ್ಳುತ್ತದೆ, ಅದಕ್ಕೆ ನಡುವೆ ರಟ್ಟು ಇಡಬೇಕು. ಎರಡಡಿಯ ಅರ್ಧ ನೀರು ಬದಲಿಸಿ ಕಾನ್ವಿಕ್ಟ್ ಜೋಡಿಯನ್ನು ಮಡಕೆ ಸಮೇತ ಇಳಿಸಿದೆ. ಇವು ಮರಿ ಮಾಡುತ್ತಲೇ ಇರುತ್ತವೆ. ಮರಿಗಳನ್ನು ಅಂಗಡಿಗೆ ಕೊಡಿ, ಕುಂದವಾಡ ಕೆರೆಗಾಗಲಿ ಭದ್ರಾ ಕಾಲುವೆಗಾಗಲಿ ಖಂಡಿತ ಬಿಡಬೇಡಿ. ಅವು ನಮ್ಮ ನೀರಿನ ಮೀನಲ್ಲ, ಇಲ್ಲಿಯ ಮೀನಿನ ಮೊಟ್ಟೆ ಮರಿಗಳನ್ನು ತಿನ್ನುತ್ತವೆ.

ಬಿಟ್ಟ ಮೇಲೆ ಆಸ್ಕರ್ ತಳದಲ್ಲಿ ಓರೆಯಾಗಿ ಮಲಗಿದರೆ ಔಷಧ ಸುರಿಯಬೇಡಿ, ಅದು ಅದರ ಮುನಿಸು. ಕಿವಿರು ಅರಳಿಸುವುದು, ಬಾಯಿಗೆ ಬಾಯಿ ಹಾಕಿ ಸ್ವಲ್ಪ ಹೊತ್ತು ಜಗ್ಗಾಡುವುದು ಸಹಜ. ಆದರೆ ಡೆಂಪ್ಸಿ ಬಣ್ಣ ಮಂಕಾಗಿ, ರೆಕ್ಕೆ ಮಡಚಿ ನೀರಿನ ಮೇಲ್ಮಟ್ಟದ ಮೂಲೆಯಲ್ಲೇ ನಿಂತರೆ ತಡಮಾಡದೆ ತೆಗೆಯಬೇಕು. ಒಂದು ವಾರ ಅಮೋನಿಯಾ ಕಿಟ್‌ನಲ್ಲಿ ನೋಡುತ್ತಿದ್ದು, 0.25 ಪಿಪಿಎಂ ಕಂಡರೂ ಮೂರನೇ ಒಂದು ಪಾಲು ನೀರು ಬದಲಿಸಿ, ಕಾಳು ಕಡಿಮೆ ಹಾಕಬೇಕು. ತೆಗೆದಿಟ್ಟ ಮೀನು ಗಾಯ ಮಾಗಿ ವಾಪಸ್ ಬರುವಾಗ ಅದು ಉಳಿದವಕ್ಕೆ ಹೊಸಬನೇ. ಆವತ್ತು ಮತ್ತೆ ಕಲ್ಲು ಎತ್ತಿ ಬೇರೆ ಕಡೆ ಜೋಡಿಸಿ, ಲೈಟ್ ಆರಿಸಿಯೇ ಬಿಡಬೇಕು.