ಮಣ್ಣಿನ ಚಕ್ರವ್ಯೂಹ: ನನ್ನ ಡ್ರಾಯಿಂಗ್ ಕ್ಲಾಸಿನ ಅನುಭವ

"ಪರೀಕ್ಷೆ ಹತ್ತಿರ ಬಂತು, ಮಣ್ಣಾಟ ಯಾಕ್ರೀ ಮೇಷ್ಟ್ರೇ?" ಅಂತ ಸ್ಟಾಫ್ ರೂಮಿನಲ್ಲಿ ಎರಡು ವರ್ಷ ಕೇಳಿಸಿಕೊಂಡೆ. ಚಿತ್ರದಲ್ಲಿ ದೂರ-ಹತ್ತಿರ ತೋರಿಸುವುದನ್ನು ಕಲಿಸಲು ಹಲಗೆಯ ಮೇಲೆ ಮಣ್ಣಿನ ಚಕ್ರವ್ಯೂಹ ಕಟ್ಟಿಸುತ್ತೇನೆ, ಅದೇ ಆ ಮಣ್ಣಾಟ. ಹಾಗೆ ಕೇಳಿದವರೇ ಈಗ ಕನ್ನಡ ಪಾಠಕ್ಕೂ ಆ ಹಲಗೆ ಕೊಡಿ ಅಂತಾರೆ.

ರೈಲುಹಳಿ, ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವ ವ್ಯಾನಿಶಿಂಗ್ ಪಾಯಿಂಟ್ ಎಲ್ಲ ಬೋರ್ಡಿನ ಮೇಲೆ ವರ್ಷಗಟ್ಟಲೆ ಬಿಡಿಸಿದ್ದೆ. ಮಕ್ಕಳು ಗೆರೆ ನಕಲು ಮಾಡೋರು, ಅಷ್ಟೇ. ದಾರಿ ಸಿಕ್ಕಿದ್ದು ಹಳೇಬೀಡಿನಲ್ಲಿ. ಹೊಯ್ಸಳೇಶ್ವರನ ಗುಡಿ ಗೋಡೆಯ ಚಕ್ರವ್ಯೂಹದ ಮುಂದೆ ನಿಂತು ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು: "ಸಾರ್, ಸುತ್ತು ಮೇಲಿಂದ ನೋಡ್ದಂಗಿದೆ, ಜನ ಪಕ್ಕದಿಂದ ನೋಡ್ದಂಗಿದ್ದಾರೆ. ಶಿಲ್ಪಿ ಎಲ್ಲಿ ನಿಂತಿದ್ದ?"

ಆ ವ್ಯೂಹವನ್ನೇ ಮಕ್ಕಳಿಂದ ಮಾಡಿಸಿ ನೋಡೋಣ ಅನ್ನಿಸಿತು. ಮೊದಲು ಸೋಪಿನಲ್ಲಿ ಕೆತ್ತಿಸಿದೆ. ನಲವತ್ತು ಸೋಪು, 400 ರೂಪಾಯಿ ಚಿಲ್ಲರೆ, ಮುಕ್ಕಾಲು ಪಾಲು ತುಂಡಾಯಿತು. ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಸುಮಾರು 700. ಮಕ್ಕಳ ಕೈ ಓಡುವುದರೊಳಗೆ ಗಟ್ಟಿಯಾಯಿತು. ಕೊನೆಗೆ ಕೆರೆಯ ಜೇಡಿಮಣ್ಣು. ಮಣ್ಣು ಪುಕ್ಕಟೆ, ಆಟೋ ಬಾಡಿಗೆ 300. ಹದಿನೆಂಟರಲ್ಲಿ ಐದು ಉಳಿದವು, ಮಿಕ್ಕವು ಬಿರುಕು ಬಿಟ್ಟವು. ಬಿರುಕಿಗೆ ಮದ್ದು ನಮ್ಮೂರ ಕುಂಬಾರರು ಹೇಳಿಕೊಟ್ಟರು. ಅವರನ್ನು ಕೇಳದೆ ಇಲ್ಲಿ ಬರೆಯಲಾರೆ.

ಈಗ ಮಾಡುವುದು ಹೀಗೆ. ಎರಡಡಿ ಹಲಗೆ, ಗೇಣುದ್ದ ಎತ್ತರದ ಮಣ್ಣಿನ ಸುತ್ತುಗೋಡೆ, ನಡುವೆ ಅಭಿಮನ್ಯು. ನಾಲ್ಕು ದಿಕ್ಕಿಗೆ ನಾಲ್ವರು, ಕಣ್ಣು ಹಲಗೆಯ ಮಟ್ಟಕ್ಕೆ. ಮೊದಲು ಕಂಡಷ್ಟನ್ನೇ ಬಿಡಿಸಬೇಕು, ಆಮೇಲೆ ಅಲ್ಲಿ ನಿಂತವರಾಗಿ ಕಥೆ ಹೇಳಬೇಕು. ಕಾಣದ್ದನ್ನು ಹೇಳುವಂತಿಲ್ಲ. ಈ ಒಂದು ಕಟ್ಟಳೆಯಲ್ಲೇ ಎಲ್ಲ ಇದೆ. ವ್ಯೂಹದ ಬಾಯಲ್ಲಿ ಪಾಂಡವರನ್ನು ತಡೆದ ಜಯದ್ರಥನಾಗಿ ಕೂತವನು ಐದು ನಿಮಿಷ ಅಬ್ಬರಿಸಿದ. ಅವನೆದುರು ಭೀಮನಾಗಿದ್ದ ಹುಡುಗ ಎರಡೇ ಮಾತು ಹೇಳಿದ: "ನಂಗೆ ಗೋಡೆ ಮಾತ್ರ ಕಾಣ್ತಿದೆ. ಒಳಗೆ ಸದ್ದು ನಿಂತೋಯ್ತು." ಕ್ಲಾಸು ಗಪ್‌ಚಿಪ್. ಅವನ ಚಿತ್ರದಲ್ಲಿ ಹತ್ತಿರದ ಗೋಡೆ ದೊಡ್ಡದಾಗಿ ಹಿಂದಿನದೆಲ್ಲ ಮುಚ್ಚಿತ್ತು. ನಾನು ಒಂದು ಗೆರೆಯನ್ನೂ ತಿದ್ದಿರಲಿಲ್ಲ.

ಕಿಟಕಿ ಮುಚ್ಚಿ ಮೊಬೈಲ್ ಟಾರ್ಚನ್ನು ಕೆಳಗಿನಿಂದ ಹಿಡಿದೂ ನೋಡಿದೆ. ನೆರಳು ಬಿದ್ದದ್ದೇ ಜಯದ್ರಥ ರಾಕ್ಷಸನಾದ, ಕಥೆಯೂ ತಿರುಗಿತು. ಅದನ್ನು ಇನ್ನೂ ಪಳಗಿಸಬೇಕು.

ಮೊದಲೆಲ್ಲ ನಲವತ್ತರಲ್ಲಿ ಆರೇಳು ಮಕ್ಕಳು ಪೆಟ್ಟಿಗೆಯ ಚಿತ್ರವನ್ನು ಸರಿಯಾಗಿ ಬಿಡಿಸೋರು, ಈಗ ಇಪ್ಪತ್ತೈದು ದಾಟುತ್ತದೆ. ಈ ವರ್ಷ ಅದೇ ಗುಡಿಯ ಇನ್ನೊಂದು ಶಿಲ್ಪ, ಕೈಲಾಸ ಎತ್ತುವ ರಾವಣ. ರಾವಣನ ಕಡೆಯವರು ನೆಲದಲ್ಲಿ ಕೂರುತ್ತಾರೆ. ಪಾರ್ವತಿ ಕಡೆಯವರಿಗೆ ಎತ್ತರದ ನಾಲ್ಕು ಸ್ಟೂಲು ಬೇಕು, ಲ್ಯಾಬಿನವರನ್ನು ಕೇಳಿದ್ದೇನೆ.