ಹಲವು ಕ್ಯಾಲಿಬರ್‌ಗಳ ರೈಫಲ್‌ಗೆ ಒಂದೇ ಸಪ್ರೆಸರ್: ಆರಿಸುವುದು ಹೇಗೆ?

ಜಿಂಕೆ ಬೇಟೆಗೆ .308 ವಿಂಚೆಸ್ಟರ್, ಹೊಲಕ್ಕೆ ನುಗ್ಗುವ ಕಾಡುಹಂದಿಗಳಿಗೆ 5.56, ದೂರದ ಗುರಿಯ ಅಭ್ಯಾಸಕ್ಕೆ 6.5 ಕ್ರೀಡ್‌ಮೋರ್ ಎಂದು ಅಮೆರಿಕದಲ್ಲಿ ಬೇರೆ ಬೇರೆ ಕ್ಯಾಲಿಬರ್‌ನ (ಗುಂಡಿನ ಅಳತೆಯ) ಎರಡು ಮೂರು ರೈಫಲ್‌ಗಳನ್ನು ಇಟ್ಟುಕೊಂಡವರು ಬಹಳ ಮಂದಿ. ಪ್ರತಿಯೊಂದಕ್ಕೂ ಬೇರೆ ಸಪ್ರೆಸರ್ (ಸದ್ದು ತಗ್ಗಿಸಲು ನಳಿಗೆಯ ತುದಿಗೆ ಜೋಡಿಸುವ ಸಾಧನ) ಕೊಳ್ಳದೆ ಒಂದನ್ನೇ ಎಲ್ಲಕ್ಕೂ ಬಳಸಬಹುದೇ ಎಂಬ ಪ್ರಶ್ನೆ ಅವರಿಗೆ ಸಹಜವಾಗಿಯೇ ಬರುತ್ತದೆ. ಬಳಸಬಹುದು. ಆದರೆ ನಿಮ್ಮಲ್ಲಿರುವ ರೈಫಲ್‌ಗಳ ಪೈಕಿ ಸಪ್ರೆಸರ್‌ಗೆ ಅತಿ ಹೆಚ್ಚು ಹೊರೆ ಹೊರಿಸುವುದು ಯಾವುದೋ ಅದನ್ನು ಆಧಾರವಾಗಿಟ್ಟುಕೊಂಡೇ ಆಯ್ಕೆ ಮಾಡಬೇಕು.

ಮೊದಲಿಗೆ ಅದರಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ಸ್ಪಷ್ಟವಾಗಿರಲಿ. ಗುಂಡಿನ ಹಿಂದೆ ನಳಿಗೆಯ ಬಾಯಿಂದ ನುಗ್ಗುವ ಬಿಸಿ ಅನಿಲವನ್ನು ಸಪ್ರೆಸರ್‌ನ ಒಳಗಿನ ಬ್ಯಾಫಲ್‌ಗಳು (ಅಡ್ಡ ತಡೆಗಳು) ತಡೆದು, ಹಿಗ್ಗಲು ಮತ್ತು ತಣಿಯಲು ಅವಕಾಶ ಕೊಟ್ಟು, ನಿಧಾನವಾಗಿ ಹೊರಬಿಡುತ್ತವೆ. ಇದರಿಂದ ಶಬ್ದ ಸಾಮಾನ್ಯವಾಗಿ 20ರಿಂದ 35 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಸಪ್ರೆಸರ್ ಇಲ್ಲದ ರೈಫಲ್ 160 ಡೆಸಿಬೆಲ್‌ಗೂ ಮೀರಿ ಸದ್ದು ಮಾಡುವುದರಿಂದ, ಅಷ್ಟು ತಗ್ಗಿದ ಮೇಲೂ ಅದು ಕಿವಿಗೆ ಅಪಾಯದ ಗಡಿಯೆಂದು ಪರಿಗಣಿಸಲಾಗುವ 140 ಡೆಸಿಬೆಲ್‌ನ ಆಸುಪಾಸಿಗೆ ಬರುತ್ತದೆಯೇ ಹೊರತು ಸಿನಿಮಾದಲ್ಲಿ ಕಾಣುವಂತೆ ಪಿಸುಮಾತಾಗುವುದಿಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುವ ಗುಂಡು ಗಾಳಿಯನ್ನು ಸೀಳುವಾಗ ಹುಟ್ಟುವ ಸಿಡಿಲಿನಂಥ ಸದ್ದನ್ನು ಯಾವ ಸಪ್ರೆಸರ್ ಕೂಡ ತಡೆಯಲಾರದು. ಆದ್ದರಿಂದ ಕಿವಿಗೆ ರಕ್ಷಣೆ ಹಾಕಿಕೊಳ್ಳುವುದನ್ನು ಬಿಡಬಾರದು. ಒಮ್ಮೆ ಹೋದ ಶ್ರವಣಶಕ್ತಿ ಮರಳುವುದಿಲ್ಲ.

ಎರಡನೆಯದು ಕಾನೂನು. ಅಮೆರಿಕದ 42 ರಾಜ್ಯಗಳಲ್ಲಿ ಖಾಸಗಿಯವರು ಸಪ್ರೆಸರ್ ಹೊಂದಬಹುದು; ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಮೊದಲಾದ ಕಡೆ ಹೊಂದುವಂತಿಲ್ಲ. ಸಪ್ರೆಸರ್ ಮೇಲೆ 1934ರಿಂದ ಇದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಶೂನ್ಯಕ್ಕಿಳಿದಿದೆ. ನೋಂದಣಿ ಮಾತ್ರ ಹಾಗೆಯೇ ಉಳಿದಿದೆ: ಪರವಾನಗಿ ಇರುವ ವ್ಯಾಪಾರಿಯ ಮೂಲಕ ಫಾರ್ಮ್ 4 ಎಂಬ ವರ್ಗಾವಣೆ ಅರ್ಜಿ ಸಲ್ಲಿಸಿ, ಬೆರಳಚ್ಚು ಮತ್ತು ಭಾವಚಿತ್ರ ಕೊಟ್ಟು, ಬಂದೂಕುಗಳನ್ನು ನಿಯಂತ್ರಿಸುವ ಕೇಂದ್ರ ಸಂಸ್ಥೆಯಾದ ಎಟಿಎಫ್‌ನ ಒಪ್ಪಿಗೆ ಬಂದ ಮೇಲಷ್ಟೇ ವಸ್ತು ಕೈಸೇರುತ್ತದೆ. ಇನ್ನೊಬ್ಬರಿಗೆ ಮಾರುವಾಗಲೂ ಇದೇ ದಾರಿ. ಇಷ್ಟವಾಗದಿದ್ದರೆ ಅಂಗಡಿಗೆ ಹಿಂದಿರುಗಿಸಿ ಬೇರೆಯದನ್ನು ತರುವ ಸೌಕರ್ಯ ಇಲ್ಲದಿರುವುದರಿಂದಲೇ ಆಯ್ಕೆಗೆ ಇಷ್ಟು ಯೋಚನೆ ಬೇಕು. ಅಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದ ಒಂದು ಸಂಗತಿಯೆಂದರೆ, ತಾತ್ಕಾಲಿಕ ವೀಸಾದಲ್ಲಿರುವವರಿಗೆ ಬಂದೂಕು ಹೊಂದುವುದರ ಮೇಲೆಯೇ ಪ್ರತ್ಯೇಕ ನಿರ್ಬಂಧಗಳಿವೆ. ಭಾರತದಲ್ಲಂತೂ ಸಪ್ರೆಸರ್ ನಿಷೇಧಿತ ಶಸ್ತ್ರಾಸ್ತ್ರಗಳ ವರ್ಗಕ್ಕೆ ಸೇರಿದೆ. ಊರಿನ ಕೋವಿ ಪರವಾನಗಿ ಅದಕ್ಕೆ ಅನ್ವಯಿಸುವುದಿಲ್ಲ.

ಈಗ ಮುಖ್ಯ ವಿಷಯವಾದ ರಂಧ್ರದ ಅಳತೆಗೆ ಬರೋಣ. ಕಾಡತೂಸಿನ ಹೆಸರನ್ನು ನೋಡದೆ ಗುಂಡಿನ ನಿಜವಾದ ವ್ಯಾಸವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 5.56ರ ಗುಂಡು ಸುಮಾರು 5.7 ಮಿಲಿಮೀಟರ್, 6.5 ಕ್ರೀಡ್‌ಮೋರ್‌ನದು 6.7, .308ರದು 7.8, .338 ಲಾಪುವಾದ್ದು 8.6. ದೊಡ್ಡ ರಂಧ್ರದ ಸಪ್ರೆಸರ್‌ನಲ್ಲಿ ಸಣ್ಣ ಗುಂಡು ಹಾಯಬಹುದು; ಸಣ್ಣ ರಂಧ್ರದಲ್ಲಿ ದೊಡ್ಡ ಗುಂಡು ಹಾಯಿಸಿದರೆ ಸಪ್ರೆಸರ್ ಒಡೆದು, ಹಾರಿಸಿದವನಿಗೂ ಪಕ್ಕದಲ್ಲಿದ್ದವರಿಗೂ ಗಾಯವಾದೀತು. 5.56ರ ಸಪ್ರೆಸರ್ ಮತ್ತು .30ರ (.308ರ ಗುಂಡಿಗೆ ತಕ್ಕ) ಸಪ್ರೆಸರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಮನೆಗಳಲ್ಲಿ ಹೊರಮೈ ಮೇಲೆ ದೊಡ್ಡ ಅಕ್ಷರದಲ್ಲಿ ಗುರುತು ಹಾಕಿಡುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ದೊಡ್ಡ ರಂಧ್ರದಲ್ಲಿ ಸಣ್ಣ ಗುಂಡು ಹಾರಿಸಿದಾಗ ಅದರ ಸುತ್ತಲಿನ ಸಂದಿನಿಂದ ಅನಿಲ ಬೇಗ ನುಸುಳಿ ಸದ್ದು ತುಸು ಹೆಚ್ಚುತ್ತದೆ, ಆದರೆ ಆ ವ್ಯತ್ಯಾಸ ಸಾಮಾನ್ಯವಾಗಿ ಕೆಲವೇ ಡೆಸಿಬೆಲ್. ಹೀಗಾಗಿ 5.56, 6.5 ಮತ್ತು .308 ಇರುವವರಿಗೆ .30 ಕ್ಯಾಲಿಬರ್‌ನ ಒಂದು ಸಪ್ರೆಸರ್ ಸಾಕೆಂದು ನಿಸ್ಸಂಕೋಚವಾಗಿ ಹೇಳಬಹುದು. ಮುಂದೆಂದೋ ಕೊಳ್ಳಬಹುದಾದ .338ಕ್ಕಾಗಿ ಈಗಲೇ ದೊಡ್ಡದನ್ನು ತಂದರೆ, ದಿನವೂ ಬಳಸುವ ರೈಫಲ್‌ನ ತುದಿಯಲ್ಲಿ ಬೇಡದ ಉದ್ದವನ್ನೂ ಭಾರವನ್ನೂ ಹೊತ್ತಂತಾಗುತ್ತದೆ.

ವ್ಯಾಸ ಹೊಂದಿದರೆ ಎಲ್ಲವೂ ಹೊಂದಿತೆಂದು ತಿಳಿಯುವುದೇ ಈ ಆಯ್ಕೆಯಲ್ಲಿ ಬಹಳ ಜನ ಎಡವುವ ಜಾಗ. .300 ಬ್ಲ್ಯಾಕ್‌ಔಟ್, .308 ವಿಂಚೆಸ್ಟರ್ ಮತ್ತು .300 ವಿಂಚೆಸ್ಟರ್ ಮ್ಯಾಗ್ನಮ್ ಮೂರಕ್ಕೂ ಗುಂಡಿನ ವ್ಯಾಸ ಒಂದೇ. ಆದರೆ ಮ್ಯಾಗ್ನಮ್‌ನಲ್ಲಿ ಉರಿಯುವ ಮದ್ದು ಬಹಳ ಹೆಚ್ಚು, ನಳಿಗೆಯ ಬಾಯಲ್ಲಿ ಉಳಿಯುವ ಒತ್ತಡವೂ ಹೆಚ್ಚು. ನಳಿಗೆ ಗಿಡ್ಡವಾದಷ್ಟೂ ಇದು ಇನ್ನಷ್ಟು ತೀವ್ರವಾಗುತ್ತದೆ, ಏಕೆಂದರೆ ಮದ್ದು ಪೂರ್ತಿ ಉರಿದು ಅನಿಲ ಹಿಗ್ಗುವ ಮೊದಲೇ ಗುಂಡು ಹೊರಬಿದ್ದು, ಉಳಿದ ಹೊಡೆತವೆಲ್ಲ ಮೊದಲನೆಯ ಬ್ಯಾಫಲ್‌ಗೆ ಬೀಳುತ್ತದೆ. ಆದ್ದರಿಂದ ತಯಾರಕರು ಪ್ರತಿ ಕಾಡತೂಸಿಗೂ ನಿಗದಿಪಡಿಸಿರುವ ಕನಿಷ್ಠ ನಳಿಗೆ ಉದ್ದದ ಪಟ್ಟಿಯನ್ನು ತೆಗೆದು, ನಿಮ್ಮ ಒಂದೊಂದು ರೈಫಲ್ ಅನ್ನೂ ಅದರೊಂದಿಗೆ ಹೋಲಿಸಿ ನೋಡಿ. ಒಂದು ಹೊಂದದಿದ್ದರೂ ಆ ಮಾದರಿಯನ್ನು ಕೈಬಿಡಿ, ಇಲ್ಲವೇ ಆ ರೈಫಲ್ ಅನ್ನು ಪಟ್ಟಿಯಿಂದ ತೆಗೆಯಿರಿ. ಅಂಗಡಿಯವರ ಬಾಯಿಮಾತಿನ ಭರವಸೆ ಇಲ್ಲಿ ಸಾಲದು.

ನಂತರ ಜೋಡಣೆ. ಅಮೆರಿಕದ 5.56 ನಳಿಗೆಗಳ ತುದಿಯಲ್ಲಿ ಅರ್ಧ ಇಂಚು ವ್ಯಾಸದ, ಇಂಚಿಗೆ 28 ಸುತ್ತಿನ ಥ್ರೆಡ್ (ತಿರುಪಿನ ಗೆರೆ), .308ರಲ್ಲಿ ಎಂಟನೇ ಐದು (5/8) ಇಂಚು ವ್ಯಾಸದ, ಇಂಚಿಗೆ 24 ಸುತ್ತಿನ ಥ್ರೆಡ್ ಸಾಮಾನ್ಯ. ಯೂರೋಪಿನ ರೈಫಲ್‌ಗಳಲ್ಲಿ ಮಿಲಿಮೀಟರ್ ಅಳತೆಯವು ಬರುತ್ತವೆ. ಬುಡವನ್ನು ಬದಲಿಸಬಹುದಾದ ಸಪ್ರೆಸರ್ ಕೊಂಡರೆ ಒಂದೊಂದು ರೈಫಲ್‌ಗೂ ತಕ್ಕ ಮೌಂಟ್ (ಜೋಡಣೆಯ ಭಾಗ) ಹಾಕಿಕೊಳ್ಳಬಹುದು. ಜೋಡಿಸಿದ ಮೇಲೆ ರೈಫಲ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಆ ಕ್ಯಾಲಿಬರ್‌ಗೆಂದೇ ಮಾಡಿದ ನೇರ ಸರಳನ್ನು ನಳಿಗೆಯಲ್ಲಿ ತೂರಿಸಿ, ಅದರ ತುದಿ ಸಪ್ರೆಸರ್ ರಂಧ್ರದ ನಟ್ಟನಡುವೆ ಬರುತ್ತದೆಯೇ ಎಂದು ನೋಡಬೇಕು. ತುದಿ ಒಂದು ಬದಿಗೆ ವಾಲಿದ್ದರೆ ಹಾರಿಸಬೇಡಿ; ಅನುಭವಿ ಗನ್‌ಸ್ಮಿತ್ ಬಳಿಗೆ ಕೊಂಡೊಯ್ಯಿರಿ.

ಲೋಹದ ಆಯ್ಕೆ ಬಳಕೆಯನ್ನು ಅವಲಂಬಿಸಿದೆ. ಗುಡ್ಡ ಹತ್ತಿ ಇಳಿದು ದಿನಕ್ಕೆ ಒಂದೋ ಎರಡೋ ಗುಂಡು ಹಾರಿಸುವ ಬೇಟೆಗಾರನಿಗೆ ಹಗುರವಾದ ಟೈಟಾನಿಯಂ ಒಳ್ಳೆಯದು. ಎಡೆಬಿಡದೆ ಹಾರಿಸಿ ಕಾಯಿಸುವವರಿಗೆ ಭಾರವಾದರೂ ಉಕ್ಕು ಅಥವಾ ಶಾಖ ತಡೆಯುವ ನಿಕಲ್ ಮಿಶ್ರಲೋಹವಾದ ಇನ್ಕೊನೆಲ್ ಬೇಕು. ಅರೆ ಸ್ವಯಂಚಾಲಿತ ರೈಫಲ್‌ನಲ್ಲಿ ಅನಿಲ ಹಿಂದಕ್ಕೆ ನುಗ್ಗಿ ಮುಖಕ್ಕೆ ಹೊಗೆ ಬಡಿಯುವುದೂ ಯಂತ್ರ ಬೇಗ ಸವೆಯುವುದೂ ಉಂಟು. ಅಂಥ ರೈಫಲ್ ಪಟ್ಟಿಯಲ್ಲಿದ್ದರೆ ಹಿಂದೊತ್ತಡ ಕಡಿಮೆ ಇರುವ ವಿನ್ಯಾಸವನ್ನೇ ಕೇಳಿ. ಬೋಲ್ಟ್ ಎಳೆಯುವ ರೈಫಲ್‌ಗಳಲ್ಲಿ ಈ ಚಿಂತೆ ಇಲ್ಲ. ಬಿಚ್ಚಲು ಬಾರದ ಸಪ್ರೆಸರ್‌ನಲ್ಲಿ .22 ರಿಮ್‌ಫೈರ್ ಹಾರಿಸದಿರುವುದು ಲೇಸು, ಏಕೆಂದರೆ ಅದರ ಸೀಸ ಒಳಗೆ ಕಟ್ಟಿಕೊಂಡರೆ ತೆಗೆಯುವುದು ಕಷ್ಟ.

ಕೊನೆಯದಾಗಿ, ನಳಿಗೆಯ ತುದಿಗೆ ಭಾರ ಸೇರಿದಾಗ ಗುಂಡು ಬೀಳುವ ಜಾಗ ಸರಿಯುತ್ತದೆ, ಮತ್ತು ಅದು ಪ್ರತಿ ರೈಫಲ್‌ನಲ್ಲೂ ಬೇರೆ ಬೇರೆ. ಪ್ರತಿಯೊಂದನ್ನೂ ಸಪ್ರೆಸರ್ ಸಹಿತ 100 ಗಜದಲ್ಲಿ ಗುರಿಗೆ ಹೊಂದಿಸಿ, ಬಿಚ್ಚಿ ಮತ್ತೆ ಹಾಕಿ, ಗುಂಡು ಅದೇ ಜಾಗಕ್ಕೆ ಬರುವುದೇ ಎಂದು ಪರೀಕ್ಷಿಸಿ, ಸ್ಕೋಪ್‌ನಲ್ಲಿ ಮಾಡಿದ ತಿದ್ದುಪಡಿಯನ್ನು ಆಯಾ ರೈಫಲ್‌ನ ಹೆಸರಿನಲ್ಲಿ ಬರೆದಿಟ್ಟುಕೊಳ್ಳಿ. ಈ ಕೆಲಸ ಬೇಟೆಯ ಋತು ಆರಂಭವಾಗುವ ಮೊದಲೇ ಮುಗಿದಿರಬೇಕು.